ಸಿಂಗಪುರದ ವಸತಿ ಕೋಟಾ: ಬೆರೆಸಿ ಬಾಳಿಸುವ ನಿಯಮಕ್ಕೆ ದುಡ್ಡು ತೆರುವವರು ಯಾರು?

ಪುಂಗೋಲ್ ವಾಸಿ

ಸಿಂಗಪುರದಲ್ಲಿ ಎಚ್‌ಡಿಬಿ, ಅಂದರೆ ಸರ್ಕಾರಿ ವಸತಿ ಮಂಡಳಿ ಕಟ್ಟಿಸಿದ ಮನೆಯನ್ನು ಮಾರಲು ಹೊರಟವರನ್ನು ಏಜೆಂಟರು ಎಷ್ಟು ಕೋಣೆ, ಎಷ್ಟನೆಯ ಮಹಡಿ ಎಂದು ಕೇಳುವುದರ ಜೊತೆಗೇ ಜನಾಂಗ ಯಾವುದೆಂದೂ ಕೇಳುತ್ತಾರೆ. ಹಾಗೆ ಕೇಳಲು ಅವರಿಗೆ ಸಂಕೋಚವೇನೂ ಇಲ್ಲ, ಏಕೆಂದರೆ ಮನೆಯನ್ನು ಯಾರಿಗೆ ಮಾರಬಹುದು ಎಂಬುದು ಆ ಉತ್ತರದ ಮೇಲೆಯೇ ನಿಂತಿರುತ್ತದೆ. ಮಂಡಳಿಯ ಜಾಲತಾಣದಲ್ಲಿ ಬ್ಲಾಕಿನ, ಅಂದರೆ ಒಂದು ಬಹುಮಹಡಿ ಕಟ್ಟಡದ ಸಂಖ್ಯೆ, ಜನಾಂಗ, ಪೌರತ್ವ ಇವಿಷ್ಟನ್ನು ತುಂಬಿದರೆ, ಆ ತಿಂಗಳು ಆ ಬ್ಲಾಕಿನಲ್ಲಿ ಯಾವ ಜನಾಂಗದವರು ಯಾರಿಂದ ಮನೆ ಕೊಳ್ಳಬಹುದು ಎಂಬ ಉತ್ತರ ಬರುತ್ತದೆ. ಪ್ರತಿ ತಿಂಗಳ ಮೊದಲ ದಿನ ಈ ಲೆಕ್ಕ ಹೊಸದಾಗುತ್ತದೆ.

ಜನಾಂಗಗಳನ್ನು ಬೆರೆಸುವ ಈ ಕೋಟಾ ನಿಯಮ ಜಾರಿಗೆ ಬಂದದ್ದು 1989ರ ಮಾರ್ಚ್ 1ರಂದು. ಒಂದು ಬಡಾವಣೆಯ ಎಚ್‌ಡಿಬಿ ಮನೆಗಳಲ್ಲಿ ಚೀನೀ ಮೂಲದವರ ಪಾಲು ಶೇ 84ನ್ನೂ, ಒಂದೇ ಬ್ಲಾಕಿನಲ್ಲಿ ಶೇ 87ನ್ನೂ ಮೀರುವಂತಿಲ್ಲ. ಮಲಯರಿಗೆ ಈ ಮಿತಿ ಶೇ 22 ಮತ್ತು ಶೇ 25. ಭಾರತೀಯರು ಮತ್ತು ಇತರರಿಗೆ ಮೊದಲು ಶೇ 10 ಮತ್ತು ಶೇ 13 ಇದ್ದದ್ದನ್ನು 2010ರಲ್ಲಿ ಶೇ 12 ಮತ್ತು ಶೇ 15ಕ್ಕೆ ಏರಿಸಿದರು. ಇಲ್ಲಿನ ಪೌರರು ಮತ್ತು ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಪಡೆದವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಈ ಮನೆಗಳಲ್ಲೇ ಇರುವುದರಿಂದ, ಯಾರ ಪಕ್ಕದಲ್ಲಿ ಯಾರು ಬದುಕಬೇಕು ಎಂಬುದನ್ನು ಸರ್ಕಾರವೇ ಇಷ್ಟು ವಿವರವಾಗಿ ಗೊತ್ತುಮಾಡುವ ದೇಶ ಮತ್ತೊಂದು ನನ್ನ ಗಮನಕ್ಕೆ ಬಂದಿಲ್ಲ.

ಈ ನಿಯಮ ಕಾಗದದ ಮೇಲೆ ಎಲ್ಲರಿಗೂ ಒಂದೇ. ಆದರೆ ಲೆಕ್ಕ ಹಾಕಿ ನೋಡಿ. 2020ರ ಜನಗಣತಿಯ ಪ್ರಕಾರ ನಿವಾಸಿಗಳಲ್ಲಿ ಚೀನೀಯರು ಶೇ 74.3, ಮಲಯರು ಶೇ 13.5, ಭಾರತೀಯರು ಶೇ 9, ಇತರರು ಶೇ 3.2. ಒಂದು ಬ್ಲಾಕಿನಲ್ಲಿ ಚೀನೀ ಮಿತಿ ತುಂಬಿದರೆ, ಅಲ್ಲಿರುವ ಮಲಯ ಅಥವಾ ಭಾರತೀಯ ಮಾಲೀಕರು ಚೀನೀಯರಿಗೆ ಮನೆ ಮಾರುವಂತಿಲ್ಲ, ಮಾರಿದರೆ ಚೀನೀ ಪಾಲು ಮಿತಿ ದಾಟುತ್ತದೆ. ಅವರ ಪಾಲಿಗೆ ಮುಕ್ಕಾಲು ಭಾಗ ಗಿರಾಕಿಗಳು ಒಮ್ಮೆಲೇ ಇಲ್ಲವಾಗುತ್ತಾರೆ. ಅದರ ಬದಲು ಭಾರತೀಯರು ಮತ್ತು ಇತರರ ಮಿತಿ ತುಂಬಿದರೆ ಚೀನೀ ಮಾಲೀಕರು ಕಳೆದುಕೊಳ್ಳುವುದು ಎಂಟರಲ್ಲಿ ಒಂದು ಪಾಲು ಗಿರಾಕಿಗಳನ್ನು ಮಾತ್ರ. ಗಿರಾಕಿ ಕಡಿಮೆಯಾದಲ್ಲಿ ಬೆಲೆ ಇಳಿಯುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಜನರನ್ನು ಬೆರೆಸುವುದರಿಂದ ಇಡೀ ದೇಶಕ್ಕೆ ಒಳ್ಳೆಯದಾಗುತ್ತದೆ ಎನ್ನುವುದಾದರೆ, ಅದರ ಖರ್ಚು ಅಲ್ಪಸಂಖ್ಯಾತ ಮಾರಾಟಗಾರನ ಜೇಬಿನಿಂದಲೇ ಏಕೆ ಹೋಗಬೇಕು? ಕೋಟಾ ತೆಗೆದುಹಾಕಬೇಕೆಂದು ನಾನು ವಾದಿಸುತ್ತಿಲ್ಲ. ಆ ಖರ್ಚನ್ನು ಬೊಕ್ಕಸ ಭರಿಸಬೇಕು ಎಂಬುದು ನನ್ನ ನಿಲುವು. ಬೇರೆ ನಾಡುಗಳಲ್ಲಿರುವವರ ಅಭಿಪ್ರಾಯವನ್ನೂ ಕೇಳುವ ಆಸೆಯಿದೆ.

ಧಾರವಾಡದ ನಿವೃತ್ತ ಉಪನ್ಯಾಸಕ

ಪುಂಗೋಲ್ ವಾಸಿಗಳೇ, ನೀವು ಲೆಕ್ಕವನ್ನು ಸರಿಯಾಗಿಯೇ ಇಟ್ಟಿದ್ದೀರಿ. ಆದರೆ ಈ ನಿಯಮ ಯಾವ ಭಯದಿಂದ ಹುಟ್ಟಿತು ಎಂಬುದನ್ನು ಪಕ್ಕಕ್ಕಿಟ್ಟರೆ ಚರ್ಚೆ ಬರೀ ಮನೆಯ ಬೆಲೆಯ ಚರ್ಚೆಯಾಗಿಬಿಡುತ್ತದೆ.

ಆ ಊರನ್ನು ಮೊದಲು ಜನಾಂಗವಾರು ಹಂಚಿದವರು ಬ್ರಿಟಿಷರು. ಅವರ ಅಧಿಕಾರಿ ರಾಫಲ್ಸ್ 1822ರಲ್ಲಿ ಹಾಕಿಸಿದ ನಗರ ಯೋಜನೆಯಲ್ಲಿ ಚೀನೀಯರಿಗೆ ನದಿಯ ನೈರುತ್ಯಕ್ಕೊಂದು ಕೇರಿ, ಮಲಯರಿಗೆ ಮತ್ತು ಅರಬರಿಗೆ ಕಾಂಪೊಂಗ್ ಗ್ಲಾಮ್ ಕಡೆ ಜಾಗ, ತಮಿಳು ಮುಸ್ಲಿಂ ವರ್ತಕರಾದ ಚುಲಿಯಾಗಳಿಗೆ ಬೇರೊಂದು ಕೇರಿ ಎಂದು ಗೆರೆ ಎಳೆದಿದ್ದರು. ಹಗಲಿನಲ್ಲಿ ಪೇಟೆಯಲ್ಲಿ ಕೂಡುವುದು, ರಾತ್ರಿ ಅವರವರ ಕೇರಿಗೆ ಹಿಂದಿರುಗುವುದು ಎಂಬ ರೂಢಿ ಸುಮಾರು ಒಂದೂವರೆ ಶತಮಾನ ನಡೆಯಿತು. 1964ರ ಜುಲೈ 21ರಂದು, ಸಿಂಗಪುರ ಇನ್ನೂ ಮಲೇಷ್ಯಾದ ಭಾಗವಾಗಿದ್ದಾಗ, ಪ್ರವಾದಿಯವರ ಜನ್ಮದಿನದ ಮೆರವಣಿಗೆಯಲ್ಲಿ ಶುರುವಾದ ಗಲಭೆಯಲ್ಲಿ 23 ಮಂದಿ ಸತ್ತರು, 454 ಮಂದಿ ಗಾಯಗೊಂಡರು. ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಗಲಭೆಯಾಗಿ ಇನ್ನೂ 13 ಜೀವಗಳು ಹೋದವು. ಮರುವರ್ಷವೇ ಆ ಪುಟ್ಟ ದ್ವೀಪ ಸ್ವತಂತ್ರ ದೇಶವಾಗಬೇಕಾಯಿತು.

1960ರಲ್ಲಿ ಸ್ಥಾಪನೆಯಾದ ವಸತಿ ಮಂಡಳಿ ಹಳ್ಳಿ, ಕೇರಿಗಳನ್ನು ಖಾಲಿ ಮಾಡಿಸಿ ಜನರನ್ನು ಬಹುಮಹಡಿ ಕಟ್ಟಡಗಳಿಗೆ ತಂದಾಗ ಬೆರಕೆ ಒಂದಿಷ್ಟು ತಾನಾಗಿಯೇ ಆಯಿತು. ಆದರೆ ಮನೆ ಮಾರಿಕೊಳ್ಳುವ ಸ್ವಾತಂತ್ರ್ಯ ಬಂದ ಮೇಲೆ ಜನ ಮತ್ತೆ ತಮ್ಮ ತಮ್ಮವರ ಹತ್ತಿರಕ್ಕೆ ಸರಿಯತೊಡಗಿದರು. 1980ರ ದಶಕದ ಕೊನೆಗೆ ಬೆಡೊಕ್, ತಂಪಿನೀಸ್ ಕಡೆ ಮಲಯರು, ಹೌಗಾಂಗ್ ಕಡೆ ಚೀನೀಯರು ಗುಂಪುಗೂಡುತ್ತಿರುವುದು ಸರ್ಕಾರದ ಕಣ್ಣಿಗೆ ಬಿತ್ತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಅಣ್ಣತಮ್ಮಂದಿರ ಪಕ್ಕದಲ್ಲಿ, ಮಸೀದಿಯ ಹತ್ತಿರ, ತಮ್ಮ ಊಟ ಸಿಗುವ ಅಂಗಡಿಯ ಸಮೀಪ ಇರಬೇಕೆಂದು ಯಾರಿಗೆ ಅನಿಸುವುದಿಲ್ಲ? ಆದರೆ ಹೀಗೆ ಒಬ್ಬೊಬ್ಬರೂ ಮಾಡಿಕೊಂಡ ನಿರಪಾಯದ ಆಯ್ಕೆಗಳು ಕೂಡಿ ಹಳೆಯ ಕೇರಿಗಳೇ ಹಿಂದಿರುಗುತ್ತವೆ. ಆಗ ಉಪಪ್ರಧಾನಿಯಾಗಿದ್ದ, ಈಗ ಅಧ್ಯಕ್ಷರಾಗಿರುವ ಥರ್ಮನ್ ಷಣ್ಮುಗರತ್ನಂ ಅವರು 2015ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಸಂವಾದದಲ್ಲಿ, ಜನರ ಬದುಕಿನಲ್ಲಿ ಅತಿ ಹೆಚ್ಚು ಕೈಹಾಕುವ ಈ ನೀತಿಯೇ ಕೊನೆಗೆ ಅತಿ ಮುಖ್ಯವಾದ ನೀತಿಯಾಯಿತು ಎಂಬರ್ಥದ ಮಾತು ಆಡಿದ್ದರು. ಅದನ್ನು ನಾನು ಒಪ್ಪುತ್ತೇನೆ. ಬೆಲೆಯಲ್ಲಿ ಆಗುವ ನಷ್ಟ 1964ರ ಪಕ್ಕದಲ್ಲಿ ಇಟ್ಟು ನೋಡಿದರೆ ದೊಡ್ಡದಲ್ಲ.

ಹಾಸನದ ಓದುಗ

ಇದೆಲ್ಲ ಒಂದು ಜಿಲ್ಲೆಯಷ್ಟೂ ಇಲ್ಲದ ದ್ವೀಪದ ಕಥೆ. ಜಮೀನಿನ ಬಹುಪಾಲು ಸರ್ಕಾರದ್ದು, ಮನೆಗಳು 99 ವರ್ಷದ ಭೋಗ್ಯಕ್ಕೆ ಸಿಗುವಂಥವು, ಆಳುವ ಪಕ್ಷ 1959ರಿಂದ ಒಂದೇ. ಅಲ್ಲಿ ನಡೆಯುವ ನಿಯಮವನ್ನು ಬೇರೆಡೆಗೆ ಎತ್ತಿ ತರುವ ಮಾತೇ ಬರುವುದಿಲ್ಲ ಎಂದು ನನ್ನ ಅನಿಸಿಕೆ.

ಕಾನೂನು ವಿದ್ಯಾರ್ಥಿನಿ, ಬೆಂಗಳೂರು

ಹಾಸನದವರೇ, ನಿಯಮವನ್ನು ತರುವ ಮಾತು ಯಾರೂ ಎತ್ತಿಲ್ಲ. ಆದರೂ ಹೋಲಿಸಿ ನೋಡಿದರೆ ನಮ್ಮ ಕಾನೂನು ಎಲ್ಲಿ ನಿಂತಿದೆ ಎಂಬುದು ಕಾಣುತ್ತದೆ.

ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಪು ನೀಡಿತು. ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸಿದ ಸಂಘದ ಉಪವಿಧಿ ಸಂವಿಧಾನಕ್ಕೆ ವಿರುದ್ಧವಲ್ಲ, ಸಂಘ ಕಟ್ಟಿಕೊಳ್ಳುವ ಹಕ್ಕಿನಲ್ಲಿ ಯಾರೊಡನೆ ಕಟ್ಟಿಕೊಳ್ಳಬೇಕು ಎಂಬ ಆಯ್ಕೆಯೂ ಸೇರಿದೆ, ಭೇದಭಾವವನ್ನು ನಿಷೇಧಿಸುವ 15ನೆಯ ವಿಧಿ ಖಾಸಗಿ ಸಂಘದ ಮೇಲೆ ಹಾಗೆ ಅನ್ವಯಿಸುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಒಂದು ಸಣ್ಣ ಸಮುದಾಯ ತನ್ನ ಅಸ್ತಿತ್ವ ಉಳಿಸಿಕೊಳ್ಳಲು ಒಟ್ಟಿಗೆ ವಾಸಿಸಬೇಕೆಂಬ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಇದೇ ತರ್ಕ ಒಂದು ಊರಿನ ಬಲಾಢ್ಯ ಸಮುದಾಯದ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗಾದರೂ ಗೊತ್ತು. "ವೆಜ್ಜಾ, ನಾನ್ ವೆಜ್ಜಾ?" ಎಂದು ಶುರುವಾಗುವ ವಿಚಾರಣೆ ಹೆಸರಿನ ಉತ್ತರಾರ್ಧ ಕೇಳುವಲ್ಲಿಗೆ ಬಂದು ಮುಟ್ಟುತ್ತದೆ; ಮುಸ್ಲಿಂ ಹೆಸರು ಕೇಳಿದ ಕೂಡಲೇ ಮನೆ "ಈಗಷ್ಟೇ ಬೇರೆಯವರಿಗೆ ಕೊಟ್ಟಾಯ್ತು" ಆಗಿಬಿಡುತ್ತದೆ. ಅಲ್ಲಿ ಸರ್ಕಾರ ಜನಾಂಗ ಕೇಳಿ ಬೆರೆಸುತ್ತದೆ, ಇಲ್ಲಿ ಸರ್ಕಾರ ಸುಮ್ಮನಿರುವುದರಿಂದ ಮಾಲೀಕ ಜಾತಿ ಕೇಳಿ ಬೇರ್ಪಡಿಸುತ್ತಾನೆ. ಹೀಗಾಗಿ ಉಪನ್ಯಾಸಕ ಸಾರ್ ಹೇಳಿದ ಭಯವನ್ನು ನಾನು ಹಗುರವಾಗಿ ನೋಡಲಾರೆ.

ಆದರೂ ಒಂದು ಎಚ್ಚರಿಕೆ ಬೇಕು. ಡೆನ್ಮಾರ್ಕ್ 2018ರಲ್ಲಿ ತಂದ ಕಾನೂನನ್ನೂ ಜನರನ್ನು ಬೆರೆಸುವ ಹೆಸರಿನಲ್ಲೇ ಸಮರ್ಥಿಸಿದರು. ಯಾವ ವಸತಿ ಪ್ರದೇಶದಲ್ಲಿ "ಪಾಶ್ಚಾತ್ಯೇತರ" ವಲಸಿಗರು ಮತ್ತು ಅವರ ಸಂತತಿ ಅರ್ಧಕ್ಕಿಂತ ಹೆಚ್ಚಿದ್ದು, ಉದ್ಯೋಗ, ಶಿಕ್ಷಣ, ಆದಾಯ, ಅಪರಾಧದ ನಾಲ್ಕು ಅಳತೆಗಳಲ್ಲಿ ಕನಿಷ್ಠ ಎರಡರಲ್ಲಿ ಹಿಂದುಳಿದಿದೆಯೋ ಅದು ಪಟ್ಟಿಗೆ ಸೇರುತ್ತದೆ. ಬಹುಕಾಲ ಪಟ್ಟಿಯಲ್ಲೇ ಉಳಿದರೆ ಅಲ್ಲಿನ ಕುಟುಂಬಗಳ ಸಾರ್ವಜನಿಕ ವಸತಿಯನ್ನು 2030ರೊಳಗೆ ಶೇ 40ಕ್ಕೆ ಇಳಿಸಬೇಕು. ಅಂದರೆ ಮನೆ ಬಿಡಬೇಕಾದವರು ಯಾರೆಂಬುದು ಮೊದಲೇ ಗೊತ್ತಾಗಿಬಿಟ್ಟಿದೆ. ಡೇನರೇ ಹೆಚ್ಚಿರುವ ಬಡಾವಣೆ ಎಂದೂ ಆ ಪಟ್ಟಿಗೆ ಬರುವುದಿಲ್ಲ. ಸಿಂಗಪುರದ ನಿಯಮ ಕನಿಷ್ಠ ಬಹುಸಂಖ್ಯಾತರಿಗೂ ಒಂದು ಮಿತಿ ಹಾಕುತ್ತದೆ ಎಂಬುದು ಅದರ ಪರವಾಗಿ ಹೇಳಲೇಬೇಕಾದ ಮಾತು.

ಬುಕಿತ್ ಬಾತೋಕಿನ ತಾಯಿ

ಮನೆಯ ವಿಷಯ ಬಲ್ಲವರು ಮಾತಾಡಲಿ. ನಾನು ಶಾಲೆಯ ವಿಷಯ ಹೇಳುತ್ತೇನೆ, ಏಕೆಂದರೆ ಅಲ್ಲೂ ಇದೇ ನಾಲ್ಕು ಡಬ್ಬಿಗಳು: ಚೀನೀ, ಮಲಯ, ಭಾರತೀಯ, ಇತರರು. ಗುರುತಿನ ಚೀಟಿಯಲ್ಲಿ ಜನಾಂಗ ಬರೆದಿರುತ್ತದೆ. ಮಗು ಯಾವ "ಮಾತೃಭಾಷೆ" ಕಲಿಯಬೇಕು ಎಂಬುದನ್ನು ಸಾಮಾನ್ಯವಾಗಿ ಅದೇ ನಿರ್ಧರಿಸುತ್ತದೆ. 1966ರಿಂದ ಎರಡು ಭಾಷೆ ಕಡ್ಡಾಯ. ಇಂಗ್ಲಿಷ್ ಎಲ್ಲರಿಗೂ, ಜೊತೆಗೆ ಚೀನೀಯರಿಗೆ ಮ್ಯಾಂಡರಿನ್, ಮಲಯರಿಗೆ ಮಲಯ, ಭಾರತೀಯರಿಗೆ ತಮಿಳು. ತಮಿಳು ಈ ದೇಶದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ನೋಟಿನ ಮೇಲೆ, ಸಂಸತ್ತಿನಲ್ಲಿ, ರೈಲು ನಿಲ್ದಾಣದ ಫಲಕದಲ್ಲಿ ಅದನ್ನು ಕಂಡಾಗ ದ್ರಾವಿಡ ನುಡಿಯೊಂದಕ್ಕೆ ಸಿಕ್ಕ ಗೌರವವೆಂದು ನನಗೂ ಸಂತೋಷವಾಗುತ್ತದೆ. ತಮಿಳರಲ್ಲದ ಭಾರತೀಯರ ಒತ್ತಾಯದಿಂದ 1990ರ ಹೊತ್ತಿಗೆ ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದು ಈ ಐದಕ್ಕೂ ಅವಕಾಶ ಸಿಕ್ಕಿತು. ಕನ್ನಡಕ್ಕಾಗಲಿ, ತೆಲುಗಿಗಾಗಲಿ, ಮಲಯಾಳಕ್ಕಾಗಲಿ ಇಲ್ಲ.

ಹೀಗಾಗಿ ನಮ್ಮ ಮನೆಯ ಸ್ಥಿತಿ ಕೇಳಿ. ಮಗ ಶಾಲೆಯ ಮಟ್ಟಿಗೆ ಹಿಂದಿಯ ಹುಡುಗ. ಅದರ ತರಗತಿ ಶನಿವಾರ ಬೇರೊಂದು ಶಾಲೆಯ ಕಟ್ಟಡದಲ್ಲಿ, ಸಮುದಾಯದವರೇ ನಡೆಸುವಂಥದ್ದು. ಮನೆಯಲ್ಲಿ ಅಜ್ಜಿಯೊಡನೆ ಕನ್ನಡ, ಗೆಳೆಯರೊಡನೆ ಇಂಗ್ಲಿಷ್, ಹಿಂದಿಯಲ್ಲಿ ಅವನಿಗೆ ಮಾತಾಡಲು ಮನೆಯಲ್ಲಿ ಯಾರೂ ಇಲ್ಲ. ಪರೀಕ್ಷೆಯ ಹಿಂದಿನ ವಾರ "ಮಾತೃಭಾಷೆಯಲ್ಲಿ ಇನ್ನೂ ಸ್ವಲ್ಪ ಅಭ್ಯಾಸ ಬೇಕು" ಎಂದು ಬರೆದ ಟಿಪ್ಪಣಿಗೆ ಸಹಿ ಹಾಕುವವಳು ಹಿಂದಿಯನ್ನು ಟಿವಿ ನೋಡಿ ಕಲಿತ ನಾನು. ತಮಿಳು ಆರಿಸಿದ್ದರೆ ಕನ್ನಡಕ್ಕೆ ಹತ್ತಿರವಾಗುತ್ತಿತ್ತು, ಶಾಲೆಯ ವೇಳೆಯಲ್ಲೇ ಪಾಠ ಮುಗಿಯುತ್ತಿತ್ತು. ಮುಂದೆ ಭಾರತಕ್ಕೆ ಹಿಂದಿರುಗಿದರೆ ಹಿಂದಿ ಬೇಕಾದೀತು ಎಂದು ಹಿಂದಿ ಆರಿಸಿದೆವು. ಇಲ್ಲಿನ ಅನೇಕ ಕನ್ನಡ ಮನೆಗಳಲ್ಲಿ ಇದೇ ಲೆಕ್ಕಾಚಾರ ನಡೆಯುತ್ತದೆ. ಕನ್ನಡ ಉಳಿಯುವುದು ಸಂಘದ ರಾಜ್ಯೋತ್ಸವದಲ್ಲಿ, ವಾರಾಂತ್ಯದ ಕಲಿಕೆಯಲ್ಲಿ, ಅಜ್ಜಿ ಬಂದಾಗ.

ಬೆಲೆ ತೆತ್ತವರು ಅಲ್ಪಸಂಖ್ಯಾತರಷ್ಟೇ ಅಲ್ಲ ಎಂಬುದನ್ನೂ ನೆನಪಿಸಬೇಕು. ನಮ್ಮ ಮಹಡಿಯ ಚೀನೀ ಅಜ್ಜಿ ಆಡುವುದು ಮ್ಯಾಂಡರಿನ್ ಅಲ್ಲ, ಹೊಕ್ಕಿಯನ್ ಎಂಬ ಇನ್ನೊಂದು ಚೀನೀ ನುಡಿ. 1979ರಲ್ಲಿ ಮ್ಯಾಂಡರಿನ್ ಮಾತಾಡಿ ಎಂಬ ಚಳವಳಿಯನ್ನು ಸರ್ಕಾರ ಆರಂಭಿಸಿ, ಟಿವಿ, ರೇಡಿಯೊಗಳಿಂದ ಹೊಕ್ಕಿಯನ್, ತಿಯೊಚ್ಯೂ, ಕ್ಯಾಂಟನೀಸ್‌ಗಳನ್ನು ಹಂತಹಂತವಾಗಿ ತೆಗೆದುಹಾಕಿತು. ಆ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಈಗ ಉಳಿದಿರುವ ಮಾತು ಊಟ, ನಿದ್ದೆ, ಶಾಲೆ ಇವಿಷ್ಟರದ್ದೇ. ಡಬ್ಬಿ ದೊಡ್ಡದಾದರೂ ಒಳಗಿರುವವರು ಒಂದೇ ಬಗೆಯವರಾಗಿರಬೇಕು ಎಂಬುದು ಈ ವ್ಯವಸ್ಥೆಯ ಬಯಕೆ.

ಮಂಜೇಶ್ವರದ ಶಿಕ್ಷಕಿ

ಬುಕಿತ್ ಬಾತೋಕಿನ ಅಕ್ಕನ ಮಾತು ಓದಿ ನಮ್ಮೂರಿನ ಬಗ್ಗೆ ಬರೆಯಬೇಕೆನಿಸಿತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ನಾವು ಭಾಷಾ ಅಲ್ಪಸಂಖ್ಯಾತರು. ಅದೇ ವರ್ಷದ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 350ಎ ವಿಧಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಬೇಕಾದ ಸೌಲಭ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆ ಆಸರೆಯಿಂದಲೇ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಳಿದಿವೆ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗಲೆಲ್ಲ ನಾವು ಬೀದಿಗಿಳಿದಿದ್ದೇವೆ, ಅದು ಸರಿಯೇ.

ಆದರೆ ನನ್ನ ತರಗತಿಯೊಳಗೆ ಬಂದು ನೋಡಿ. ಹಾಜರಿ ಪುಸ್ತಕದಲ್ಲಿ ಎಲ್ಲರೂ ಕನ್ನಡ ಮಕ್ಕಳು. ಬಿಡುವಿನಲ್ಲಿ ಅಂಗಳಕ್ಕೆ ಹೋದರೆ ಕಿವಿಗೆ ಬೀಳುವುದು ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ; ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳು ಅದರಲ್ಲಿ ಒಂದು ಪಾಲು ಮಾತ್ರ. ಒಂದನೆಯ ತರಗತಿಗೆ ಬಂದ ತುಳುವ ಮಗು "ನೀರು ಬೇಕು" ಎನ್ನಲು "ನೀರ್ ಬೋಡು" ಎಂದರೆ ನಾವು ನಗುತ್ತಾ ತಿದ್ದುತ್ತೇವೆ. ನಮ್ಮ ಹೋರಾಟದ ಮನವಿ ಪತ್ರಗಳಲ್ಲಿ ಆ ಮಗುವಿನ ಮಾತೃಭಾಷೆ ಕನ್ನಡ. ಸಿಂಗಪುರ ಕನ್ನಡದ ಮಗುವನ್ನು ಹಿಂದಿಯ ಲೆಕ್ಕಕ್ಕೆ ಬರೆದುಕೊಂಡದ್ದಕ್ಕೂ ನಾವು ತುಳು ಮಗುವನ್ನು ಕನ್ನಡದ ಲೆಕ್ಕಕ್ಕೆ ಬರೆದುಕೊಂಡದ್ದಕ್ಕೂ ಅಂತರ ಎಷ್ಟು? ಎಣಿಕೆ ಹೆಚ್ಚಿದ್ದರೆ ಶಾಲೆ ಉಳಿಯುತ್ತದೆ, ಶಿಕ್ಷಕರ ಹುದ್ದೆ ಉಳಿಯುತ್ತದೆ. ಹಾಗಾಗಿ ಡಬ್ಬಿಯನ್ನು ಒಡೆಯಲು ನಮಗೂ ಮನಸ್ಸಿಲ್ಲ. ತುಳುವರು ಬಹಳ ಮಂದಿ ಇದನ್ನು ಮನಸಾರೆ ಒಪ್ಪಿಯೇ ನಡೆದಿದ್ದಾರೆ ಎಂಬುದೂ ನಿಜ. ಯಕ್ಷಗಾನ, ಓದು, ಬರಹ ಎಲ್ಲವೂ ಅವರಿಗೆ ಕನ್ನಡದಲ್ಲೇ ಬಂದವು. ಒಪ್ಪಿಗೆ ಕೇಳಿ ಸೇರಿಸಿಕೊಳ್ಳುವುದಕ್ಕೂ ಕೇಳದೆ ಬರೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ನನ್ನ ತಕರಾರು.

ಟೊರಾಂಟೊ ಓದುಗ

ಕೆನಡಾದ ದಾರಿ ಬೇರೆ. 1971ರ ಅಕ್ಟೋಬರಿನಲ್ಲಿ ಪ್ರಧಾನಿ ಪಿಯೆರ್ ಟ್ರುಡೊ ಬಹುಸಂಸ್ಕೃತಿಯನ್ನು ಸರ್ಕಾರದ ನೀತಿಯೆಂದು ಘೋಷಿಸಿದರು, 1988ರಲ್ಲಿ ಅದು ಕಾಯ್ದೆಯಾಯಿತು. ಇಲ್ಲಿ ಗುರುತಿನ ಚೀಟಿಯಲ್ಲಿ ಜನಾಂಗ ಇರುವುದಿಲ್ಲ; ಜನಗಣತಿಯಲ್ಲಿ ನಾವೇ ಹೇಳಿಕೊಂಡದ್ದನ್ನು ಬರೆದುಕೊಳ್ಳುತ್ತಾರೆ, ಒಂದಕ್ಕಿಂತ ಹೆಚ್ಚು ಮೂಲ ಹೇಳಿದರೂ ಆಕ್ಷೇಪವಿಲ್ಲ. ತಕರಾರು ಬಂದರೆ ನ್ಯಾಯಾಲಯ ನೋಡುತ್ತದೆ: ಮಾಂಟ್ರಿಯಾಲಿನ ಸಿಖ್ ಹುಡುಗ ಶಾಲೆಗೆ ಕಿರ್ಪಾನ್ ಧರಿಸಿ ಬರಬಹುದೆಂದು, ಅದನ್ನು ಭದ್ರವಾಗಿ ಹೊಲಿದು ಮುಚ್ಚಿರಬೇಕೆಂಬಂಥ ಷರತ್ತುಗಳೊಡನೆ, ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಅದೇ ಕ್ವಿಬೆಕ್ ಪ್ರಾಂತ 2019ರಲ್ಲಿ ಶಿಕ್ಷಕರು, ಪೊಲೀಸರು ಮೊದಲಾದವರು ಕೆಲಸದ ವೇಳೆ ಧಾರ್ಮಿಕ ಚಿಹ್ನೆ ಧರಿಸಬಾರದೆಂಬ ಕಾಯ್ದೆ ತಂದಿತು. ಒಂದೇ ದೇಶದೊಳಗೇ ಎರಡು ಧೋರಣೆಗಳು.

ಮನೆಗಳ ವಿಷಯದಲ್ಲಿ ಇಲ್ಲಿ ಯಾರೂ ಯಾರನ್ನೂ ಬೆರೆಸುವುದಿಲ್ಲ. ಪಕ್ಕದ ಬ್ರಾಂಪ್ಟನ್ ನಗರದಲ್ಲಿ 2021ರ ಗಣತಿಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ಮಂದಿ ದಕ್ಷಿಣ ಏಷ್ಯಾ ಮೂಲದವರು. ಹಾಗೆ ಒಟ್ಟಿಗಿರುವುದರಿಂದಲೇ ನಮ್ಮವರು ನಗರಸಭೆಗೂ ಸಂಸತ್ತಿಗೂ ಆರಿಸಿಬಂದಿದ್ದಾರೆ. ಸಿಂಗಪುರದಂತೆ ಎಲ್ಲ ಕಡೆ ತೆಳ್ಳಗೆ ಹರಡಿಬಿಟ್ಟರೆ ಅಲ್ಪಸಂಖ್ಯಾತರು ಯಾವ ಕ್ಷೇತ್ರದಲ್ಲೂ ಗೆಲ್ಲುವಷ್ಟು ಇರುವುದಿಲ್ಲ. ನಿಮ್ಮ ಚರ್ಚೆಯಲ್ಲಿ ಈ ನಷ್ಟ ಲೆಕ್ಕಕ್ಕೇ ಬಂದಿಲ್ಲ.

ಧಾರವಾಡದ ನಿವೃತ್ತ ಉಪನ್ಯಾಸಕ

ಟೊರಾಂಟೊದವರು ಎತ್ತಿದ ಮಾತಿಗೆ ಸಿಂಗಪುರ ಉತ್ತರ ಹುಡುಕದೇ ಇಲ್ಲ. ವಸತಿ ಕೋಟಾಕ್ಕಿಂತ ಒಂದು ವರ್ಷ ಮೊದಲೇ, 1988ರಲ್ಲಿ, ಗುಂಪು ಪ್ರಾತಿನಿಧ್ಯದ ಕ್ಷೇತ್ರಗಳನ್ನು ಮಾಡಿದರು. ಅಲ್ಲಿ ಪಕ್ಷಗಳು ಒಬ್ಬರನ್ನಲ್ಲ, ಒಂದು ತಂಡವನ್ನೇ ಕಣಕ್ಕಿಳಿಸಬೇಕು. ತಂಡದಲ್ಲಿ ಒಬ್ಬರಾದರೂ ಮಲಯ, ಭಾರತೀಯ ಅಥವಾ ಇತರ ಅಲ್ಪಸಂಖ್ಯಾತ ಸಮುದಾಯದವರಿರಬೇಕು. ಇದರಿಂದ ಸಂಸತ್ತಿನಲ್ಲಿ ಅಲ್ಪಸಂಖ್ಯಾತರ ಮುಖಗಳು ಉಳಿದವು, ಆದರೆ ವಿರೋಧ ಪಕ್ಷಗಳಿಗೆ ಇಡೀ ತಂಡ ಕಟ್ಟುವುದು ಕಷ್ಟವಾಯಿತು. ಅಂಥ ಕ್ಷೇತ್ರವೊಂದನ್ನು ಅವು ಮೊದಲು ಗೆದ್ದದ್ದು 2011ರಲ್ಲಿ, ಅಲ್ಜುನಿಯೆಡ್‌ನಲ್ಲಿ. ಆರಿಸಿಬಂದ ಅಲ್ಪಸಂಖ್ಯಾತ ಸದಸ್ಯ ತನ್ನ ಸಮುದಾಯದ ಮತಕ್ಕಿಂತ ಪಕ್ಷದ ಆಯ್ಕೆಗೇ ಹೆಚ್ಚು ಋಣಿಯಾಗಿರುತ್ತಾನೆ ಎಂಬುದು ಈ ಏರ್ಪಾಟಿನ ದೊಡ್ಡ ದೌರ್ಬಲ್ಯ.

ಅಧ್ಯಕ್ಷ ಪದವಿಯ ಕಥೆ ಇನ್ನೂ ಕುತೂಹಲದ್ದು. ಐದು ಅವಧಿಗಳವರೆಗೆ ಒಂದು ಸಮುದಾಯದಿಂದ ಯಾರೂ ಅಧ್ಯಕ್ಷರಾಗದಿದ್ದರೆ ಮುಂದಿನ ಚುನಾವಣೆಯನ್ನು ಆ ಸಮುದಾಯಕ್ಕೆ ಮೀಸಲಿಡಬೇಕೆಂದು 2016ರಲ್ಲಿ ಸಂವಿಧಾನ ತಿದ್ದಿದರು. 2017ರಲ್ಲಿ ಮಲಯರಿಗೆ ಮೀಸಲಾದ ಚುನಾವಣೆಯಲ್ಲಿ ಹಲೀಮಾ ಯಾಕೂಬ್ ಅವಿರೋಧವಾಗಿ ಆಯ್ಕೆಯಾದರು, ಏಕೆಂದರೆ ಉಳಿದ ಅರ್ಜಿದಾರರು ಅರ್ಹತೆಯ ಷರತ್ತುಗಳನ್ನು ದಾಟಲಿಲ್ಲ. ಮತ ಹಾಕುವ ಅವಕಾಶವೇ ಸಿಗಲಿಲ್ಲವೆಂದು ಮಲಯರಲ್ಲೇ ಹಲವರು ನೊಂದುಕೊಂಡರು. 2023ರಲ್ಲಿ ಯಾವ ಮೀಸಲೂ ಇಲ್ಲದ ಚುನಾವಣೆಯಲ್ಲಿ ತಮಿಳು ಮೂಲದ ಥರ್ಮನ್ ಶೇ 70ಕ್ಕಿಂತ ಹೆಚ್ಚು ಮತ ಪಡೆದರು. ಅಂದರೆ, ಜನ ಜನಾಂಗ ನೋಡಿಯೇ ಮತ ಹಾಕುತ್ತಾರೆ ಎಂಬ ಆಳುವವರ ನಂಬಿಕೆ ಪೂರ್ತಿ ಹುಸಿ ಎನ್ನುವಂತಿಲ್ಲ, ಪೂರ್ತಿ ನಿಜ ಎನ್ನುವಂತೆಯೂ ಇಲ್ಲ.

ಪುಂಗೋಲ್ ವಾಸಿ

ಎಲ್ಲರಿಗೂ ಕೃತಜ್ಞತೆಗಳು. ಬೆರಕೆ ನಿಜವಾಗಿ ನಡೆಯುತ್ತದೆಯೇ ಎಂಬುದಕ್ಕೆ ಕೆಳಗಿನ ಅಂಗಳವನ್ನು ತೋರಿಸುತ್ತೇನೆ. ಎಚ್‌ಡಿಬಿ ಬ್ಲಾಕುಗಳಲ್ಲಿ ನೆಲಮಟ್ಟದ ಜಾಗವನ್ನು ಮನೆ ಕಟ್ಟದೆ ಖಾಲಿ ಬಿಟ್ಟಿರುತ್ತಾರೆ, ಅದನ್ನು ವಾಯ್ಡ್ ಡೆಕ್ ಎನ್ನುತ್ತಾರೆ. ಶನಿವಾರ ಅಲ್ಲಿ ಮಲಯರ ಮದುವೆ: ಬಣ್ಣದ ಪರದೆ, ಕೊಂಪಾಂಗ್ ಎಂಬ ತಮಟೆಯ ಬಡಿತ, ಬಿರಿಯಾನಿಯ ಘಮ. ಮತ್ತೊಂದು ವಾರ ಅದೇ ಜಾಗದಲ್ಲಿ ಚೀನೀಯರ ಸೂತಕ: ಬಿಳಿ ಬಟ್ಟೆಯ ಚಪ್ಪರ, ದುಂಡು ಮೇಜುಗಳ ಮೇಲೆ ಕಡಲೆಕಾಯಿ, ರಾತ್ರಿಯಿಡೀ ಕುಳಿತ ಬಂಧುಗಳು. ಲಿಫ್ಟಿಗೆ ಹೋಗುವವರು ಎರಡರ ಅಂಚಿನಲ್ಲೂ ತಲೆ ತಗ್ಗಿಸಿ ಹಾದುಹೋಗುತ್ತಾರೆ. ಚೀನೀ ಪಂಚಾಂಗದ ಏಳನೆಯ ತಿಂಗಳಲ್ಲಿ ಪಿತೃಗಳಿಗೆ ಸುಡುವ ಕಾಗದದ ಬೂದಿ ನಮ್ಮ ಬಾಲ್ಕನಿಗೂ ಬರುತ್ತದೆ. ನಮ್ಮ ಒಗ್ಗರಣೆಯ ಘಾಟು ಅವರ ಬಾಗಿಲಿಗೂ ಹೋಗುತ್ತದೆ.

ಈ ಘಾಟು ದೇಶದ ಸುದ್ದಿಯಾದದ್ದೂ ಉಂಟು. ಚೀನಾದಿಂದ ಹೊಸದಾಗಿ ಬಂದ ಕುಟುಂಬವೊಂದು ನೆರೆಯ ಭಾರತೀಯರ ಕರಿಯ, ಅಂದರೆ ಮಸಾಲೆ ಸಾರಿನ, ವಾಸನೆಯ ಬಗ್ಗೆ ದೂರಿದಾಗ, ಸರ್ಕಾರದ ಮಧ್ಯಸ್ಥಿಕೆ ಕೇಂದ್ರದಲ್ಲಿ ರಾಜಿಯಾಗಿ, ಆ ಕುಟುಂಬ ಮನೆಯಲ್ಲಿಲ್ಲದಾಗ ಮಾತ್ರ ಇವರು ಕರಿ ಬೇಯಿಸುವುದು ಎಂದು ಒಪ್ಪಂದವಾಗಿತ್ತು. ಈ ವಿಷಯ 2011ರ ಆಗಸ್ಟಿನಲ್ಲಿ ಪತ್ರಿಕೆಯಲ್ಲಿ ಬಂದದ್ದೇ ತಡ, ಜನ ಸಿಟ್ಟಿಗೆದ್ದರು. ಆ ತಿಂಗಳ 21ರ ಭಾನುವಾರ ಚೀನೀಯರು, ಮಲಯರು, ಯುರೇಷಿಯನ್ನರು ಎಲ್ಲ ಸೇರಿ ಸಾವಿರಾರು ಮನೆಗಳಲ್ಲಿ ಬೇಕೆಂದೇ ಕರಿ ಬೇಯಿಸಿದರು. ಇಪ್ಪತ್ತೆರಡು ವರ್ಷ ಅಕ್ಕಪಕ್ಕ ಬದುಕಿದ ಮೇಲೆ ಬಂದ ಪ್ರತಿಕ್ರಿಯೆ ಇದು ಎಂದು ಉಪನ್ಯಾಸಕ ಸಾರ್ ತಮ್ಮ ಪರವಾಗಿ ಬಳಸಿಕೊಳ್ಳಬಹುದು. ಅಂದು ಸಿಟ್ಟೆಲ್ಲ ಹೊಸ ವಲಸಿಗರ ಮೇಲೆ ತಿರುಗಿತ್ತು ಎಂಬುದನ್ನೂ ಜೊತೆಗೆ ಹೇಳಬೇಕು. ಭಾರತದಿಂದ ಬಂದ ನಾವೂ ಹೊಸ ವಲಸಿಗರೇ. ಮಲೇಷ್ಯನ್ನರಲ್ಲದ ಪಿಆರ್‌ಗಳಿಗೆ 2010ರಿಂದ ಬಡಾವಣೆಗೆ ಶೇ 5, ಬ್ಲಾಕಿಗೆ ಶೇ 8ರ ಇನ್ನೊಂದು ಮಿತಿಯಿದೆ.

ಮೂಲ ಪ್ರಶ್ನೆಗೆ ಬರುತ್ತೇನೆ. ಮನೆ ಮಾರಲು ನಿಜವಾಗಿ ಕಷ್ಟಪಡುತ್ತಿರುವ ಮಾಲೀಕರಿಂದ, ವಿಶೇಷ ಸಂದರ್ಭಗಳಲ್ಲಿ, ಮಂಡಳಿಯೇ ಮನೆ ಕೊಳ್ಳುವ ವ್ಯವಸ್ಥೆಯನ್ನು 2022ರಲ್ಲಿ ತಂದರು. ಖರ್ಚು ಒಂದೇ ಕಡೆ ಬೀಳುತ್ತಿದೆ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಹಾಗಿದ್ದರೆ ವಿಶೇಷ ಸಂದರ್ಭ ಎಂಬ ಷರತ್ತು ಬಿಟ್ಟು, ಕೋಟಾದಿಂದ ಆದ ಬೆಲೆಯ ಕೊರತೆಯನ್ನು ಪ್ರತಿಯೊಬ್ಬರಿಗೂ ತುಂಬಿಕೊಡಬೇಕು.

ಕಾನೂನು ವಿದ್ಯಾರ್ಥಿನಿ, ಬೆಂಗಳೂರು

ಪ್ರತಿಯೊಬ್ಬರಿಗೂ ಎನ್ನುವಲ್ಲಿ ನನ್ನ 'ಆದರೆ' ಇದೆ. ಚೀನೀ ಮಿತಿ ತುಂಬಿದ ಬ್ಲಾಕಿನಲ್ಲಿ ಭಾರತೀಯರೊಬ್ಬರು ಮತ್ತೊಬ್ಬ ಭಾರತೀಯರಿಂದ ಮನೆ ಕೊಂಡರೆನ್ನಿ. ಚೀನೀ ಗಿರಾಕಿಗಳ ಪೈಪೋಟಿ ಇಲ್ಲದ್ದರಿಂದ ಅವರು ಅಗ್ಗಕ್ಕೇ ಕೊಂಡಿರುತ್ತಾರೆ. ನಾಳೆ ಅಗ್ಗಕ್ಕೆ ಮಾರಿದರೆ ಅವರಿಗೆ ನಷ್ಟವೇನು? ಕೊಳ್ಳುವಾಗ ಒಮ್ಮೆ, ಪರಿಹಾರ ಪಡೆಯುವಾಗ ಒಮ್ಮೆ, ಎರಡು ಸಲ ಲಾಭ ಕೊಟ್ಟಂತಾಗುತ್ತದೆ. ಇನ್ನು ಕೊರತೆಯನ್ನು ಅಳೆಯುವುದು ಯಾವುದರ ಎದುರಿಗೆ? ಅಕ್ಕಪಕ್ಕದ ಮಾರಾಟಗಳನ್ನು ನೋಡಿ ಮೌಲ್ಯ ಕಟ್ಟುವುದಾದರೆ, ಕೋಟಾದಿಂದ ಇಳಿದ ಬೆಲೆಗಳೂ ಆ ಲೆಕ್ಕದೊಳಗೆ ಸೇರಿಹೋಗಿರುತ್ತವೆ.

ಪುಂಗೋಲ್ ವಾಸಿ

ಎರಡನೆಯ ಪ್ರಶ್ನೆ ಸುಲಭದ್ದು: ಅದೇ ಬಡಾವಣೆಯಲ್ಲಿ, ಅದೇ ವಯಸ್ಸಿನ, ಯಾವ ಮಿತಿಯೂ ತುಂಬದ ಬ್ಲಾಕುಗಳ ಮಾರಾಟವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಪ್ರತಿ ಮರುಮಾರಾಟದ ಬೆಲೆಯನ್ನೂ ಮಂಡಳಿ ಪ್ರಕಟಿಸುತ್ತದೆ.

ಮೊದಲನೆಯದನ್ನು ಒಪ್ಪುತ್ತೇನೆ, ಆದ್ದರಿಂದ ನನ್ನ ಬೇಡಿಕೆಯನ್ನು ಕಿರಿದುಮಾಡುತ್ತೇನೆ. ಮಿತಿ ತುಂಬಿದ ಮೇಲೆ ಕೊಂಡವರನ್ನು ಬಿಡೋಣ. ಆದರೆ ಮಂಡಳಿಯಿಂದ ನೇರವಾಗಿ ಹೊಸ ಮನೆ ಕೊಂಡವರಿಗೆ ಜನಾಂಗ ನೋಡಿ ದರ ಇಳಿಸುವುದಿಲ್ಲ. ಒಂದೇ ಮಹಡಿಯ ಒಂದೇ ಅಳತೆಯ ಮನೆಗೆ ಚೀನೀಯರೂ ಮಲಯರೂ ನಾವೂ ಕೊಡುವುದು ಒಂದೇ ಮೊತ್ತ. ಹತ್ತು ವರ್ಷದ ನಂತರ ಬ್ಲಾಕು ತುಂಬಿ, ಮಲಯ ಮಾಲೀಕನಿಗೆ ಮಾತ್ರ ಗಿರಾಕಿ ಇಲ್ಲವಾದರೆ, ಆ ನಷ್ಟಕ್ಕೆ ಎದುರಾಗಿ ಅವನಿಗೆ ಮೊದಲೇ ಸಿಕ್ಕ ರಿಯಾಯಿತಿ ಯಾವುದೂ ಇಲ್ಲ. ಮಿತಿ ತುಂಬುವ ಮೊದಲೇ ಪೂರ್ತಿ ಮರುಮಾರಾಟದ ಬೆಲೆ ಕೊಟ್ಟು ಕೊಂಡವರ ಸ್ಥಿತಿಯೂ ಇದೇ. ಯಾವ ಬ್ಲಾಕು ಯಾವ ತಿಂಗಳಲ್ಲಿ ತುಂಬಿತು ಎಂಬುದನ್ನು ತಿಂಗಳು ತಿಂಗಳೂ ಲೆಕ್ಕ ಹಾಕುವವರು ಮಂಡಳಿಯವರೇ, ಯಾರು ಯಾವಾಗ ಕೊಂಡರು ಎಂಬ ಕಾಗದವೂ ಅವರಲ್ಲೇ ಇರುತ್ತದೆ. ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗೆ ಕೊಡಬೇಕು ಎಂಬುದು ತಿಳಿಯುತ್ತದೆ. ಅದಕ್ಕಾಗಿ ಕೋಟಾದ ಒಂದು ಅಂಕಿಯನ್ನೂ ಬದಲಿಸಬೇಕಿಲ್ಲ.